ಗೆರೆ ಹೇಳೋ ಮಾತು: ಕುಮಟಾದಿಂದ ಭಟ್ಕಳದವರೆಗೆ

1/6
ಡ್ರಾಯಿಂಗ್ ಶೀಟಿನಲ್ಲಿ ಗೆರೆ ದಪ್ಪ ಆಯ್ತು, ತೆಳು ಆಯ್ತು ಅಂತ ಮಾರ್ಕ್ಸ್ ಹೋದಾಗ ಬೇಜಾರಾಗ್ತದಲ್ವಾ? ನನಗೂ ಆಗ್ತಿತ್ತು, ಒಂದು ಕಪಾಟು ಕೆಡೋವರೆಗೆ. ಮನೆಗೆ ಬೇಕಾದ ಕಪಾಟಿನ ಚಿತ್ರ ನಾನೇ ಬರೆದು ಆಚಾರಿಗೆ ಕೊಟ್ಟಿದ್ದೆ. ಬಾಗಿಲ ಹಿಂದಿನ ಅಡ್ಡಹಲಗೆಗಳಿಗೆ ತುಂಡುಗೆರೆ ಹಾಕೋ ಬದಲು ಪೂರ್ತಿ ಗೆರೆ ಎಳೆದಿದ್ದೆ. ಅವರು ಬಾಗಿಲ ಮೇಲೇ ಮೂರು ಪಟ್ಟಿ ಹೊಡೆದು ತಂದ್ರು! ತಪ್ಪು ನನ್ನದು, ಎರಡು ದಿನದ ಕೆಲಸ ಹೋದದ್ದು ಅವರದ್ದು. ಆಮೇಲೆ ಈ ಗೆರೆಗಳ ಚರಿತ್ರೆ ಹುಡುಕಿದೆ. ನಮ್ಮೂರ ದಾರಿಯಲ್ಲೇ ಹೇಳ್ತೇನೆ, ಬನ್ನಿ.

2/6
ಕುಮಟಾ ತಾಲ್ಲೂಕಿನ ಮಿರ್ಜಾನ್ ಕೋಟೆ ನೋಡಿದ್ದೀರಲ್ಲ? ಇಂಥ ಗೋಡೆ ಎಷ್ಟು ಎತ್ತರ ಇದ್ರೆ ಶತ್ರುವಿನ ಗುಂಡು ಒಳಗೆ ಬೀಳೋದಿಲ್ಲ? 1760ರ ದಶಕದಲ್ಲಿ ಫ್ರಾನ್ಸಿನ ಮೆಝಿಯೇರ್ ಸೈನಿಕ ಶಾಲೆಯಲ್ಲಿ ಗ್ಯಾಸ್ಪಾರ್ ಮೋಂಜ್ ಎಂಬ ಯುವಕನಿಗೆ ಬಂದದ್ದು ಇದೇ ಬಗೆಯ ಲೆಕ್ಕ. ಆತ ಉದ್ದುದ್ದ ಲೆಕ್ಕ ಬಿಟ್ಟು ಚಿತ್ರದಲ್ಲೇ ಬಿಡಿಸಿದ. ಸೈನ್ಯ ಆ ವಿಧಾನವನ್ನು ಗುಟ್ಟಾಗಿ ಇಟ್ಟಿತು. ಬಹಿರಂಗ ಪಾಠ ಆದದ್ದು 1795ರಲ್ಲಿ, ಪ್ಯಾರಿಸ್‌ನಲ್ಲಿ. ನಮ್ಮ ಪ್ರೊಜೆಕ್ಷನ್ ಪಾಠದ ಬೇರು ಅಲ್ಲಿದೆ. ಆದ್ರೆ ಎದುರಿನಿಂದ ಬರೆದಾಗ ಹಿಂದೆ ಅಡಗಿದ್ದನ್ನು ತೋರಿಸೋದು ಹೇಗೆ?

3/6
ಅದಕ್ಕೇ ತುಂಡುಗೆರೆ. ಹೊನ್ನಾವರದಲ್ಲಿ ಶರಾವತಿ ಮೇಲೆ ಸುಮಾರು 2 ಕಿ.ಮೀ. ಉದ್ದದ ರೈಲು ಸೇತುವೆ ಇದೆ. 1998ರ ಜನವರಿ 26ರಂದು ಪೂರ್ತಿ ತೆರೆದ ಕೊಂಕಣ ರೈಲ್ವೆಯ ಅತಿ ಉದ್ದದ ಸೇತುವೆ ಅದು. ರೈಲಿನಿಂದ ನಿಮಗೆ ಕಾಣೋದು ನೀರು ಮಾತ್ರ. ನಿಮ್ಮನ್ನು ಹೊತ್ತಿರೋದು ನೀರಿನಡಿಯ ಅಡಿಪಾಯ. ಕಣ್ಣಿಗೆ ಕಾಣದ್ದು ಇಲ್ಲವೇ ಇಲ್ಲ ಅಂತಲ್ಲ. ಅಷ್ಟನ್ನೇ ತುಂಡುಗೆರೆ ಹೇಳ್ತದೆ.

4/6
ಅದೇ ಶರಾವತಿಯ ದಂಡೆ ಹಿಡಿದು ಮೇಲಕ್ಕೆ ಹೋದ್ರೆ ಗೇರುಸೊಪ್ಪೆಯ ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೂ ಬಾಗಿಲು. ಇದರ ಪ್ಲಾನ್ ಬರೆಯೋಕೆ ಕೂತ್ರೆ ಮೊದಲು ಎಳೆಯೋದು ಕಟ್ಟಡದಲ್ಲಿ ಎಲ್ಲೂ ಇಲ್ಲದ ಎರಡು ಗೆರೆ: ಒಂದು ಉದ್ದ, ಒಂದು ಗಿಡ್ಡ, ಮತ್ತೆ ಉದ್ದ. ಅದೇ ಸೆಂಟರ್ ಲೈನ್. ಶಿಲ್ಪಶಾಸ್ತ್ರದಲ್ಲಿ ನಡುಗೆರೆಗೆ ಬ್ರಹ್ಮಸೂತ್ರ ಅಂತಾರೆ. ಸೂತ್ರ ಅಂದ್ರೆ ದಾರ. ಪೆನ್ಸಿಲ್ ಬರೋ ಮೊದಲೇ ನಮ್ಮವರು ನಡುವಿನಿಂದ ಅಳೀತಿದ್ರು.

5/6
ಭಟ್ಕಳದ ಕೇತಪೈ ನಾರಾಯಣ ದೇವಸ್ಥಾನ 16ನೇ ಶತಮಾನದ್ದು. ಮರದ ಮಾಡಿನ ಹಾಗೆ ಇಳಿಜಾರಾಗಿ ಹಾಸಿದ ಕಲ್ಲಿನ ಚಪ್ಪಡಿ. ಆ ಕಲ್ಲು ಎಷ್ಟು ದಪ್ಪ ಅಂತ ತಿಳಿಯೋಕೆ ದೇವಸ್ಥಾನ ಒಡೆಯೋಕಾಗ್ತದಾ? ಕಾಗದದ ಮೇಲೆ ಕೊಯ್ತೇವೆ. ಎಲ್ಲಿ ಕೊಯ್ದದ್ದು ಅಂತ ಹೇಳೋದು, ತುದಿ ದಪ್ಪ ಇರೋ ಸರಪಳಿ ಗೆರೆ. ಕೊಯ್ದ ಜಾಗಕ್ಕೆ 45 ಡಿಗ್ರಿಯ ತೆಳು ಗೆರೆ, ಅಂದ್ರೆ ಹ್ಯಾಚಿಂಗ್.

6/6
ಒಬ್ಬೊಬ್ಬರು ಒಂದೊಂದು ಥರ ಎಳೆದ್ರೆ? ಅದಕ್ಕೇ ಮಾನಕ. ಭಾರತೀಯ ಮಾನಕ ಸಂಸ್ಥೆ ಹುಟ್ಟಿದ್ದು 1947ರಲ್ಲಿ. ಶಾಲೆ, ಕಾಲೇಜುಗಳಿಗೆಂದೇ ಎಸ್‌ಪಿ 46 ಬಂದದ್ದು 1988ರಲ್ಲಿ. ಅದರಲ್ಲಿ ಎ ಯಿಂದ ಕೆ ವರೆಗೆ ಹತ್ತು ಬಗೆಯ ಗೆರೆ (ಐ ಅಕ್ಷರ ಬಿಟ್ಟಿದ್ದಾರೆ). ದಪ್ಪ ಗೆರೆ ತೆಳು ಗೆರೆಯ ಎರಡು ಪಟ್ಟಿಗಿಂತ ಕಡಿಮೆ ಇರಬಾರದು.

ಚಿತ್ರ ಕೈಬಿಟ್ಟ ಮೇಲೆ ನೀವು ಪಕ್ಕದಲ್ಲಿ ನಿಂತು ವಿವರಿಸೋಕಾಗೋದಿಲ್ಲ. ಗೆರೆ ಹೇಳಿದ್ದನ್ನೇ ನಂಬಿ ಇನ್ಯಾರೋ ಮರ ಕೊಯ್ತಾರೆ, ಕಬ್ಬಿಣ ಕಟ್ತಾರೆ. ಮಾರ್ಕ್ಸ್ ನಮ್ಮದು, ಬೆವರು ಅವರದ್ದು. ಆಚಾರಿಗೆ ಆ ಎರಡು ದಿನದ ಕೂಲಿ ಕೊಟ್ಟೆ. ಹೊಸ ಚಿತ್ರದಲ್ಲಿ ತುಂಡುಗೆರೆ ಹಾಕಿ ಕೊಟ್ಟೆ.

ಗೆರೆ ತಪ್ಪಿ ಕೆಟ್ಟ ಕೆಲಸ ನಿಮ್ಮಲ್ಲೂ ಇದ್ಯಾ? ಕಮೆಂಟಲ್ಲಿ ಬರೀರಿ. ನಾಳೆ ಸಬ್ಮಿಶನ್ ಇರೋ ಗೆಳೆಯರಿಗೆ ಕಳಿಸಿ.

#ಗೆರೆಯಚರಿತ್ರೆ #ಕುಮಟಾ #ಹೊನ್ನಾವರ #ಭಟ್ಕಳ