ಕರಾವಳಿಯ ಶಿಥಿಲಾಲಯಗಳೂ ಛಾಯಾಚಿತ್ರವೂ

ಹೊನ್ನಾವರದಿಂದ ಶರಾವತಿಯ ಗುಂಟ ಮೂಡಣಕ್ಕೆ ಸಾಗಿ, ಗೇರುಸೊಪ್ಪೆಯಲ್ಲಿ ಹೊಳೆ ದಾಟಿ ನಗರಬಸ್ತಿಕೇರಿಯ ಅಡವಿಯನ್ನು ಹೊಕ್ಕವರಿಗೆ, ನಾಲ್ಕು ದಿಕ್ಕಿಗೂ ಬಾಗಿಲು ತೆರೆದು ನಿಂತ ಚತುರ್ಮುಖ ಬಸದಿಯ ದರ್ಶನವಾಗುತ್ತದೆ. ಹದಿನಾರನೆಯ ಶತಮಾನದಲ್ಲಿ ಮೆಣಸಿನ ವಾಣಿಜ್ಯದಿಂದ ಸಂಪನ್ನವಾಗಿದ್ದ, ತನ್ನ ರಾಣಿ ಚೆನ್ನಭೈರಾದೇವಿಗೆ ಪೋರ್ತುಗೀಜರಿಂದ ‘ಮೆಣಸಿನ ರಾಣಿ’ ಎಂಬ ಹೆಸರನ್ನು ತಂದುಕೊಟ್ಟ ಈ ರಾಜಧಾನಿಯು, 1623ರಲ್ಲಿ ಇಕ್ಕೇರಿಗೆ ಹೊರಟ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲ್ಲೆಯು ಇಲ್ಲಿಗೆ ಬರುವಷ್ಟರಲ್ಲಿಯೇ ಹಾಳುಬಿದ್ದು, ಅರಮನೆಯ ನೆಲದಲ್ಲಿ ಮರಗಳು ಬೆಳೆದಿದ್ದವು.

ಇಂತಹ ಸ್ಥಳವನ್ನು ಸಮಗ್ರವಾಗಿ, ಸ್ಫುಟವಾಗಿ ಚಿತ್ರದಲ್ಲಿ ಹಿಡಿಯುವ ಕಾರ್ಯಕ್ಕೆ ಕರಾವಳಿಯು ಬಹುಕಾಲ ಕಾಯಬೇಕಾಯಿತು. 1855ರಲ್ಲಿ ಮುಂಬಯಿ ಸರ್ಕಾರವು ನೇಮಿಸಿದ ಥಾಮಸ್ ಬಿಗ್ಸ್, ಅವನ ಬಳಿಕ ವಿಲಿಯಂ ಪಿಗೂ, ಇವರು ತೆಗೆದ ಚಿತ್ರಗಳು 1866ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾದಾಗ ಅದರ ಹೆಸರಿನಲ್ಲಿದ್ದುದು ಧಾರವಾಡ ಮತ್ತು ಮೈಸೂರು ಮಾತ್ರ. ಕುಮಟೆ, ಹೊನ್ನಾವರ, ಭಟ್ಕಳಗಳಾದರೋ 1862ರವರೆಗೆ ಮದರಾಸು ಆಧಿಪತ್ಯದಲ್ಲಿದ್ದು, ಆಮೇಲೆ ಮುಂಬಯಿಗೆ ಸೇರಿದವು. ಅಂದಿನ ಒದ್ದೆ ಗಾಜಿನ ವಿಧಾನವೂ ಕ್ಲೇಶಕರವಾಗಿತ್ತು: ಡೇರೆಯ ಕತ್ತಲೆಯಲ್ಲಿ ಗಾಜಿಗೆ ದ್ರಾವಣವನ್ನು ಸವರಿ, ಅದು ಆರುವ ಮೊದಲೇ ಚಿತ್ರ ತೆಗೆದು, ಒಡನೆಯೇ ಡೇರೆಗೆ ಮರಳಿ ತೊಳೆಯಬೇಕಾಗಿತ್ತು.

ನನಗೆ ಹೆಚ್ಚು ಕುತೂಹಲಕರವಾಗಿ ತೋರುವುದು ಕಟ್ಟಡಗಳೇ ಒಡ್ಡುವ ತೊಡಕು. ಭಟ್ಕಳದ ಖೇತಪೈ ನಾರಾಯಣ ದೇವಾಲಯದಲ್ಲಿ ಹಾಸುಗಲ್ಲುಗಳ ಇಳಿಜಾರು ಮಾಡು ಗೋಡೆಯಿಂದ ಬಹುದೂರ ಮುಂಚಾಚಿದೆ. ಇತಿಹಾಸಕಾರ ಫರ್ಗುಸನ್ನನು 1876ರ ತನ್ನ ವಾಸ್ತುಶಿಲ್ಪೇತಿಹಾಸದಲ್ಲಿ ಈ ಕರಾವಳಿಯ ಬಸದಿಗಳನ್ನು ಕುರಿತು ನೇಪಾಳದ ಸಾದೃಶ್ಯವನ್ನು ನೆನೆದನು. ಆದರೆ ಆಷಾಢದ ಮಳೆಯನ್ನು ಕಂಡವರಿಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಮಳೆಯನ್ನು ತಡೆಯುವ ಆ ಮಾಡೇ ಬೆಳಕನ್ನೂ ತಡೆಯುತ್ತದೆ: ನಡುಹಗಲಿನಲ್ಲಿ ಗೋಡೆಯ ರಾಮಾಯಣದ ಉಬ್ಬುಶಿಲ್ಪಗಳ ಮೇಲೆ ಕಪ್ಪು ನೆರಳು ಕವಿದಿದ್ದು, ಓರೆಯಾದ ಬಿಸಿಲು ಮಾಡಿನಡಿಗೆ ತೂರಿ ಬಂದಾಗಲಷ್ಟೇ ಒಂದೊಂದು ಮುಖವೂ ಕಲ್ಲಿನಿಂದ ಎದ್ದು ಬರುತ್ತದೆ.

ಅದೇ ಭಟ್ಕಳದ ಜಟ್ಟಪ್ಪ ನಾಯಕನ ಚಂದ್ರನಾಥ ಬಸದಿಯಲ್ಲಿ ಇನ್ನೊಂದು ಪರೀಕ್ಷೆ. ಅದರ ಉದ್ದವಾದ ಮೈ ಒಂದೇ ಚೌಕಟ್ಟಿನಲ್ಲಿ ಹಿಡಿಸದೆ, ಕ್ಯಾಮರಾವನ್ನು ಅಡ್ಡಲಾಗಿ ತಿರುಗಿಸುತ್ತ ಹಲವು ಚಿತ್ರಗಳನ್ನು ತೆಗೆದು ಜೋಡಿಸಿದಾಗ, ಮುಂದಿನ ಸ್ತಂಭವು ಒಂದರಲ್ಲಿ ಬಾಗಿಲಿನ ಎಡಕ್ಕೂ ಮತ್ತೊಂದರಲ್ಲಿ ಬಲಕ್ಕೂ ಸರಿದಂತೆ ಕಾಣುವುದುಂಟು. ಸ್ಟ್ಯಾಂಡಿನ ಮೇಲೆ ಕ್ಯಾಮರಾದ ಮೈಯಲ್ಲ, ಮಸೂರದೊಳಗೆ ಬೆಳಕಿನ ಕಿರಣಗಳು ಒಂದನ್ನೊಂದು ಹಾಯ್ದುಹೋಗುವ ಬಿಂದುವೇ ತಿರುಗುವಿಕೆಯ ಅಚ್ಚಾಗಬೇಕು. ಹಾಗಾದಾಗ ಸ್ತಂಭವೂ ಗೋಡೆಯೂ ಪರಸ್ಪರ ಕದಲುವುದಿಲ್ಲ. ಮಸೂರದ ರಂಧ್ರವನ್ನು ಕಿರಿದು ಮಾಡಿದರೆ ಹತ್ತಿರದ ಸ್ತಂಭವೂ ಹಿಂದಿನ ಜಾಲಂಧ್ರವೂ ಏಕಕಾಲದಲ್ಲಿ ಸ್ಪಷ್ಟವಾಗುವುವು, ಆದರೆ ಬೆಳಕಿಗೆ ಹೆಚ್ಚು ಹೊತ್ತು ತೆರೆದಿಡಬೇಕಾಗುವುದು. ಆಗ ಗೇರುಸೊಪ್ಪೆಯಂತಹ ಕಾಡಿನಲ್ಲಿ ಗಾಳಿಗೆ ಅಲುಗುವ ಪ್ರತಿ ಎಲೆಯೂ ಮಸುಕಾಗುವುದು. ಗಾಳಿ ಏಳದ ಮುಂಜಾವವೇ ಇದಕ್ಕೆ ಪ್ರಶಸ್ತ.

ಇಷ್ಟು ಶ್ರಮಪಟ್ಟು ಇಡೀ ಆವರಣವನ್ನು ಚಿತ್ರಿಸಬೇಕೆನ್ನುವುದು ಸೊಗಸಿಗಾಗಿಯಲ್ಲ. ಬಿಡಿವಿಗ್ರಹದ ಚಿತ್ರವು ಶಿಲ್ಪಿಯ ಕೈಚಳಕವನ್ನು ತೋರಿಸೀತು. ಯಾವ ಕಂಬ ಎಲ್ಲಿತ್ತು, ಯಾವ ಬೇರು ಯಾವ ಗೋಡೆಯನ್ನು ಸೀಳುತ್ತಿದೆ ಎಂಬುದು ವಿಶಾಲಚಿತ್ರದಲ್ಲಿ ಮಾತ್ರ ತಿಳಿಯುತ್ತದೆ. ಆದುದರಿಂದ ಈ ಬಸದಿಗಳ ಚಿತ್ರ ತೆಗೆಯುವವರು ದಿನಾಂಕವನ್ನೂ ನಿಂತ ಸ್ಥಳವನ್ನೂ ಮುಖಮಾಡಿದ ದಿಕ್ಕನ್ನೂ ಚಿತ್ರದ ಬೆನ್ನಿಗೇ ಬರೆದಿಡಲಿ. ಮನೆಯ ಅಟ್ಟದಲ್ಲಿ ಹಳೆಯ ಗಾಜಿನ ನೆಗೆಟಿವ್‌ಗಳಿರುವವರು ಅವನ್ನು ಗುಜರಿಗೆ ಹಾಕದೆ, ಸಮೀಪದ ಕಾಲೇಜಿನ ಇತಿಹಾಸ ವಿಭಾಗಕ್ಕಾದರೂ ಒಪ್ಪಿಸಲಿ.