ಕಾರ್ಯತಂತ್ರ ವಿನ್ಯಾಸ: ಮಲೆನಾಡಿನ ಚೊಗರು, ಮಗ್ಗ ಮತ್ತು ಸಂಘ

ಒಂದು ವಸ್ತುವಿನ ರೂಪ, ಬಣ್ಣ, ಅಳತೆಗಳನ್ನು ತೀರ್ಮಾನಿಸುವುದು ವಿನ್ಯಾಸದ ಮೊದಲ ಕೆಲಸ. ಆ ವಸ್ತುವನ್ನು ಯಾರು ಮಾಡಬೇಕು, ಕಚ್ಚಾಮಾಲು ಎಲ್ಲಿಂದ ಬರಬೇಕು, ಲಾಭ ಯಾರ ಕೈ ಸೇರಬೇಕು, ಬಳಸಿ ಬಿಟ್ಟ ಮೇಲೆ ಅದು ಏನಾಗಬೇಕು ಎಂಬುದನ್ನೂ ಮೊದಲೇ ಯೋಚಿಸಿ ಸಂಸ್ಥೆಯನ್ನೇ ಅದಕ್ಕೆ ತಕ್ಕಂತೆ ಕಟ್ಟುವುದು ಕಾರ್ಯತಂತ್ರ ವಿನ್ಯಾಸ. ಸ್ಟ್ರಾಟೆಜಿಕ್ ಡಿಸೈನ್ ಎಂಬ ಹೆಸರಿನಲ್ಲಿ ಇದು ಈಗ ಕಾಲೇಜುಗಳ ಪಾಠ. ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಆ ಹೆಸರಿಲ್ಲದೆಯೇ ಈ ಕೆಲಸ ನಡೆದಿದೆ. ಅದರ ಗೆಲುವು ಸೋಲುಗಳೆರಡೂ ಇಲ್ಲಿ ಕಣ್ಣಿಗೆ ಕಾಣುತ್ತವೆ.

ಭಾರತದಲ್ಲಿ ಈ ಚಿಂತನೆಗೆ ಒಂದು ಪ್ರಸಿದ್ಧ ಆರಂಭವಿದೆ. ಅಮೆರಿಕದ ವಿನ್ಯಾಸಕಾರ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ 1958ರಲ್ಲಿ ಭಾರತ ಸರ್ಕಾರಕ್ಕೆ ವರದಿಯೊಂದನ್ನು ಒಪ್ಪಿಸಿದರು. ಅದರಲ್ಲಿ ಅವರು ಮನಸಾರೆ ಮೆಚ್ಚಿದ್ದು ನಮ್ಮ ಮನೆಮನೆಯ ಚೊಂಬನ್ನು. ಯಾವೊಬ್ಬ ವಿನ್ಯಾಸಕಾರನ ಹೆಸರೂ ಇಲ್ಲದೆ, ತಲೆಮಾರುಗಳ ಬಳಕೆಯಲ್ಲಿ ತಿದ್ದಿಕೊಂಡು ಬಂದ ರೂಪ ಅದು. ಆ ವರದಿಯ ಬೆನ್ನಿಗೆ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು.

ಮಲೆನಾಡಿನಲ್ಲಿ ಇಂಥ ವಿನ್ಯಾಸಕ್ಕೆ ಹತ್ತಿರದ ಉದಾಹರಣೆ ಸಾಗರ ತಾಲ್ಲೂಕಿನ ಭೀಮನಕೋಣೆಯ ಕೈಮಗ್ಗ ಸಂಸ್ಥೆ 'ಚರಕ'. ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, 1970ರ ದಶಕದಲ್ಲಿ 'ಸಮುದಾಯ' ತಂಡವನ್ನು ಕಟ್ಟಿದವರಲ್ಲಿ ಪ್ರಮುಖರಾದ ರಂಗನಿರ್ದೇಶಕ ಪ್ರಸನ್ನ, ಹೆಗ್ಗೋಡಿನ ಸಮೀಪದ ಈ ಹಳ್ಳಿಯಲ್ಲಿ ನೆಲೆನಿಂತು 1990ರ ದಶಕದಲ್ಲಿ ಇದಕ್ಕೆ ಕೈಹಾಕಿದರು. ಇದು ನೇಕಾರರ ಸೀಮೆಯಲ್ಲ. ಅಡಿಕೆ, ಭತ್ತದ ಸೀಮೆ. ಮಗ್ಗವನ್ನು ಮುಟ್ಟಿ ನೋಡಿರದ ಹಳ್ಳಿಯ ಹೆಣ್ಣುಮಕ್ಕಳೇ ಹಾಸು ಹೂಡುವುದನ್ನು, ಲಾಳಿ ಎಸೆಯುವುದನ್ನು, ಬಣ್ಣ ಕಟ್ಟುವುದನ್ನು, ಹೊಲಿಯುವುದನ್ನು ಕಲಿತರು.

ಬಣ್ಣದ ಆಯ್ಕೆಯೇ ಇಲ್ಲಿನ ಬುದ್ಧಿವಂತಿಕೆ. ಅಡಿಕೆ ಕೊಯ್ಲಿನ ಕಾಲದಲ್ಲಿ ಮಲೆನಾಡಿನ ಮನೆಗಳ ಅಂಗಳಕ್ಕೆ ಹೋದವರಿಗೆ ಆ ವಾಸನೆ ಮರೆಯುವುದಿಲ್ಲ. ಸುಲಿದ ಹಸಿ ಅಡಿಕೆ ಹಂಡೆಯಲ್ಲಿ ಕುದಿಯುತ್ತಿರುತ್ತದೆ. ಬೆಂದ ಅಡಿಕೆಯನ್ನು ಎತ್ತಿ ಚಪ್ಪರದ ಮೇಲೆ ಹರವಿದ ನಂತರ ತಳದಲ್ಲಿ ಉಳಿಯುವ ಕೆಂಗಂದು ನೀರೇ ಚೊಗರು. ಮುಂದಿನ ಹಂಡೆಗೆ ಒಂದಿಷ್ಟು ಬೆರೆಸಿದರೆ ಅಡಿಕೆಗೆ ಹೊಳಪು ಬರುತ್ತದೆ. ಮಿಕ್ಕಿದ ಚೊಗರು ಬಟ್ಟೆಗೆ ತಗುಲಿದರೆ ಎಷ್ಟು ತಿಕ್ಕಿದರೂ ಹೋಗದು ಎಂಬುದು ಅಡಿಕೆ ಸುಲಿದ ಪ್ರತಿಯೊಬ್ಬ ಹೆಂಗಸಿಗೂ ಗೊತ್ತು. ಮನೆಯಲ್ಲಿ ಬೈಗುಳ ತಿನ್ನಿಸುತ್ತಿದ್ದ ಆ ಕಲೆಯೇ ಚರಕದಲ್ಲಿ ಬಣ್ಣವಾಯಿತು. ಚೊಗರಿನಲ್ಲಿರುವ ಟ್ಯಾನಿನ್ ಹತ್ತಿಯ ನೂಲಿಗೆ ಕಚ್ಚಿಕೊಳ್ಳುತ್ತದೆ. ಪಟಿಕ ಸೇರಿಸಿದರೆ ಒಂದು ಛಾಯೆ, ಕಬ್ಬಿಣದ ಅಂಶ ಸೇರಿಸಿದರೆ ಇನ್ನೂ ಗಾಢವಾದ ಮತ್ತೊಂದು ಛಾಯೆ. ತೋಟದ ಉಪೋತ್ಪನ್ನವೊಂದು ಕಾರ್ಖಾನೆಯ ರಾಸಾಯನಿಕ ಬಣ್ಣದ ಜಾಗವನ್ನು ಹಿಡಿಯಿತು. ಇಂಡಿಗೋ, ದಾಳಿಂಬೆ ಸಿಪ್ಪೆ, ಅಳಲೆಕಾಯಿ ಮುಂತಾದವು ಅದರ ಜೊತೆಗೂಡಿದವು.

ಇಷ್ಟೇ ಆಗಿದ್ದರೆ ಇದನ್ನು ಬಣ್ಣದ ಪ್ರಯೋಗ ಎಂದು ಕರೆದು ಮುಂದೆ ಹೋಗಬಹುದಿತ್ತು. ನಿಜವಾದ ವಿನ್ಯಾಸ ಇರುವುದು ಸಂಸ್ಥೆಯ ರಚನೆಯಲ್ಲಿ. ಚರಕ ಖಾಸಗಿ ಕಂಪನಿಯಾಗಲಿಲ್ಲ, ದಾನದ ಮೇಲೆ ನಿಂತ ಆಶ್ರಮವೂ ಆಗಲಿಲ್ಲ. ಮಹಿಳೆಯರ ವಿವಿಧೋದ್ದೇಶ ಕೈಗಾರಿಕಾ ಸಹಕಾರ ಸಂಘವಾಗಿ ನೋಂದಣಿಯಾಯಿತು. ಕೂಲಿಗೆ ಬಂದವಳು ಸಂಘದ ಸದಸ್ಯೆಯಾದಳು. ಸಹಕಾರ ಈ ಸೀಮೆಗೆ ಹೊಸದಲ್ಲ. ಅಡಿಕೆ ಬೆಳೆಗಾರರ ಮಾರಾಟ ಸಂಘ ಮ್ಯಾಮ್ಕೋಸ್ 1939ರದು, ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು ಹೆಗ್ಗೋಡಿನಲ್ಲಿ ರಂಗಸಂಸ್ಥೆ ನೀನಾಸಂ ಕಟ್ಟಿದ್ದು 1949ರಲ್ಲಿ. ಊರಿಗೆ ಬೇಕಾದ್ದನ್ನು ಊರೇ ಕೂಡಿ ಮಾಡಿಕೊಳ್ಳುವ ಆ ರೂಢಿ ಇರದಿದ್ದರೆ ಭೀಮನಕೋಣೆಯಲ್ಲಿ ಮಗ್ಗ ಬೇರೂರುವುದು ಕಷ್ಟವಿತ್ತು. ಮಾರಾಟಕ್ಕೆಂದು 'ದೇಸಿ' ಎಂಬ ಪ್ರತ್ಯೇಕ ಸಂಸ್ಥೆ ಬೆಂಗಳೂರಿನಲ್ಲಿ ಅಂಗಡಿ ತೆರೆಯಿತು. ಜುಬ್ಬಾ, ಕುರ್ತಾ, ಸೀರೆ, ಚೀಲಗಳು ನಗರದ ಅನೇಕ ಕನ್ನಡಿಗರ ಗುರುತಾದವು.

ಪೆಟ್ಟು ಬಿದ್ದದ್ದೂ ಮಾರುಕಟ್ಟೆಯ ಕಡೆಯಿಂದಲೇ. 2017ರಲ್ಲಿ ಜಿಎಸ್‌ಟಿ ಬಂದಾಗ ಕೈ ಉತ್ಪನ್ನಗಳಿಗೆ ಶೂನ್ಯ ಕರ ಬೇಕೆಂದು ಪ್ರಸನ್ನ ಮತ್ತು ಗ್ರಾಮ ಸೇವಾ ಸಂಘ ಸತ್ಯಾಗ್ರಹ ನಡೆಸಿದರು. 2020ರ ಕೊರೊನಾ ಕಾಲದಲ್ಲಿ ಅಂಗಡಿಗಳು ಮುಚ್ಚಿ, ಬಟ್ಟೆ ರಾಶಿ ಬಿದ್ದು, ಚರಕ ತಾನು ದಿವಾಳಿಯಾಗಿದ್ದೇನೆಂದು ಬಹಿರಂಗವಾಗಿಯೇ ಘೋಷಿಸಿಕೊಂಡಿತು. ನಷ್ಟವನ್ನು ಮುಚ್ಚಿಡದೆ ಜನರ ಮುಂದೆ ಇಟ್ಟ ಈ ನಡೆಯನ್ನೂ ಸಂಸ್ಥೆಯ ಗಟ್ಟಿತನವೆಂದೇ ಎಣಿಸಬೇಕು. ನೂಲು, ಬಣ್ಣ, ದುಡಿಮೆಗಳನ್ನು ಹಳ್ಳಿಯ ಅಂಕೆಗೆ ತರಲು ಚರಕಕ್ಕೆ ಬಹುಮಟ್ಟಿಗೆ ಸಾಧ್ಯವಾಯಿತು. ಕೊಳ್ಳುವವರನ್ನು ಅಂಕೆಗೆ ತರಲು ಯಾವ ಸಂಘಕ್ಕೂ ಸಾಧ್ಯವಿಲ್ಲ.

ಅಡಿಕೆ ಹಾಳೆಯ ಕಥೆಯಲ್ಲೂ ಇದೇ ಪಾಠವಿದೆ. ಹಿಂದೆ ಟೋಪಿಯಾಗಿ, ದೊನ್ನೆಯಾಗಿ ಬಳಕೆಯಾಗುತ್ತಿದ್ದ ಹಾಳೆಯನ್ನು ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿ ತಟ್ಟೆ ಮಾಡುವ ಸಣ್ಣ ಘಟಕಗಳು ಈ ಭಾಗದಲ್ಲಿವೆ. ಪ್ಲಾಸ್ಟಿಕ್ ನಿಷೇಧ ಅವಕ್ಕೆ ಬಲ ಕೊಟ್ಟಿತು. ಆದರೆ ಹಾಳೆಯಲ್ಲಿರುವ ಅಡಿಕೆಯ ಆಲ್ಕಲಾಯ್ಡ್‌ಗಳು ಊಟಕ್ಕೆ ಇಳಿಯುತ್ತವೆಂಬ ಆತಂಕದಿಂದ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರಲ್ಲಿ ಈ ತಟ್ಟೆಗಳ ಆಮದಿಗೆ ತಡೆಯೊಡ್ಡಿತು. ಮಣ್ಣಲ್ಲಿ ಕರಗುತ್ತದೆ ಎಂಬ ಒಂದೇ ಗುಣ ಸಾಲದು. ತಿನ್ನುವವರ ಬಾಯಿಯವರೆಗಿನ ದಾರಿಯನ್ನೂ ಪರೀಕ್ಷಿಸಬೇಕು.

ತೀರ್ಥಹಳ್ಳಿಯ ದಾರಿ ಬೇರೆ. ಪುರುಷೋತ್ತಮರಾಯರು ಬೆಳೆಸಿದ 'ಕೃಷಿ ಪ್ರಯೋಗ ಪರಿವಾರ' ಸಾವಯವ ಕೃಷಿಯನ್ನು ರೈತರ ಜಮೀನಿನಲ್ಲೇ, ರೈತರ ಕೈಯಲ್ಲೇ ಪ್ರಯೋಗಕ್ಕೆ ಇಟ್ಟಿತು. ಒಬ್ಬ ರೈತ ತನ್ನ ಗದ್ದೆಯಲ್ಲಿ ಕಂಡದ್ದನ್ನು ಇನ್ನೊಬ್ಬನಿಗೆ ತೋರಿಸುವುದೇ ಅಲ್ಲಿ ಕಲಿಕೆ. 2004ರಲ್ಲಿ ಕರ್ನಾಟಕ ತನ್ನ ಸಾವಯವ ಕೃಷಿ ನೀತಿಯನ್ನು ಪ್ರಕಟಿಸುವ ಹೊತ್ತಿಗೆ ತೀರ್ಥಹಳ್ಳಿಯಲ್ಲಿ ಅಂಥ ತೋಟಗಳಿದ್ದವು.

ಜನರನ್ನೇ ಒಳಗೊಂಡ ಇಂಥ ವಿನ್ಯಾಸಕ್ಕೆ ವಿರುದ್ಧದ ನಿದರ್ಶನ ಬೇಕಿದ್ದರೆ ಹೊಸನಗರ ಮತ್ತು ಸಾಗರದಲ್ಲಿ ಶರಾವತಿ ಹಿನ್ನೀರಿನ ಕಡೆ ನೋಡಬೇಕು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ಎಂಜಿನಿಯರಿಂಗ್ ಸಾಧನೆಯೆಂಬುದರಲ್ಲಿ ಅನುಮಾನವಿಲ್ಲ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ಆದರೆ ಮುಳುಗಿದ ಊರುಗಳ ಜನ ಆ ನಕ್ಷೆಯಲ್ಲಿ ಲೆಕ್ಕಕ್ಕೆ ಬರಲಿಲ್ಲ. ಸಂತ್ರಸ್ತರ ಭೂಮಿ ಹಕ್ಕಿನ ಹೋರಾಟ ಎರಡು ಮೂರು ತಲೆಮಾರು ದಾಟಿತು. ಹಿನ್ನೀರಿನಾಚೆಯ ತುಮರಿ ಕಡೆಯವರು ಹೆರಿಗೆಗೂ ಹೆಣಕ್ಕೂ ಲಾಂಚ್ ಕಾಯಬೇಕಾಯಿತು. ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸುಮಾರು ಎರಡೂವರೆ ಕಿಲೋಮೀಟರ್ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಒಂದು ಯೋಜನೆಯ ಮೊದಲ ಸಭೆಯಲ್ಲಿ ಯಾರು ಕೂತಿರಲಿಲ್ಲ ಎಂಬುದರ ಬೆಲೆಯನ್ನು ಹೀಗೆ ಅರವತ್ತು ವರ್ಷ ತೆರಬೇಕಾಗುತ್ತದೆ.

ನೀನಾಸಂಗೆಂದು ಹೆಗ್ಗೋಡಿಗೆ ಹೋಗುವವರು ಭೀಮನಕೋಣೆಗೂ ಹೋಗಿಬರಬೇಕು. ದೂರ ಹೆಚ್ಚಿಲ್ಲ. ಅಲ್ಲಿ ಕೊಂಡ ಚೊಗರು ಬಣ್ಣದ ಬಟ್ಟೆಯನ್ನು ಮೊದಲ ಸಲ ಬೇರೆಯಾಗಿ ಒಗೆದು, ನೆರಳಿನಲ್ಲಿ ಒಣಗಿಸಿದರೆ ಬಣ್ಣ ಬಹುಕಾಲ ಉಳಿಯುತ್ತದೆ.