ವಾರಗಟ್ಟಲೆ ನಿದ್ದೆಯೂ ಎಚ್ಚರದ ಮರೆವೂ

ದಿನಗಟ್ಟಲೆ, ವಾರಗಟ್ಟಲೆ ನಿದ್ದೆಗೆ ಬಿದ್ದು, ಆಮೇಲೆ ತಾನಾಗಿ ಸರಿಹೋಗಿ, ಕೆಲವು ತಿಂಗಳ ಬಳಿಕ ಮತ್ತೆ ಹಾಗೆಯೇ ಬೀಳುವ ರೋಗಿಗಳ ವಿವರವನ್ನು ಜರ್ಮನಿಯ ಫ್ರಾಂಕ್‌ಫರ್ಟಿನ ವೈದ್ಯ ವಿಲ್ಲಿ ಕ್ಲೈನ್ 1925ರಲ್ಲಿ ಪ್ರಕಟಿಸಿದರು. ಈ ನಿದ್ದೆಯೊಂದಿಗೆ ಮಿತಿಮೀರಿದ ಹಸಿವೂ ಬರುತ್ತದೆಂದು ಅಮೆರಿಕದ ಮ್ಯಾಕ್ಸ್ ಲೆವಿನ್ 1936ರಲ್ಲಿ ಒತ್ತಿ ಹೇಳಿದರು. 1942ರಲ್ಲಿ ಬ್ರಿಟನ್ನಿನ ಮ್ಯಾಕ್‌ಡೊನಾಲ್ಡ್ ಕ್ರಿಚ್ಲಿ ಮತ್ತು ಹಾಫ್‌ಮನ್ ಆ ಮೊದಲಿನ ಇಬ್ಬರ ಹೆಸರನ್ನೂ ಜೋಡಿಸಿ ಕಾಯಿಲೆಯನ್ನು ಕ್ಲೈನ್-ಲೆವಿನ್ ಸಿಂಡ್ರೋಮ್ ಎಂದು ಕರೆದರು. ಹತ್ತು ಲಕ್ಷ ಜನರಲ್ಲಿ ಒಬ್ಬರಿಂದ ಐವರಿಗೆ ಬರಬಹುದಾದ ಈ ಕಾಯಿಲೆ ಹೆಚ್ಚಾಗಿ ಹದಿಹರೆಯದ ಹುಡುಗರನ್ನು ಹಿಡಿಯುತ್ತದೆ. ಹುಡುಗಿಯರೂ ಇದಕ್ಕೆ ಹೊರತಲ್ಲ.

ನಿದ್ದೆಯ ಸರದಿ ಬಂದಾಗ ರೋಗಿ ದಿನಕ್ಕೆ ಹದಿನೈದು ಗಂಟೆಗೂ ಮೀರಿ ಮಲಗುತ್ತಾನೆ. ಎಚ್ಚರವಾದಾಗಲೂ ಮಾತು ತಡವರಿಸುತ್ತದೆ, ಸುತ್ತಲಿನದೆಲ್ಲ ಕನಸಿನಂತೆ ಕಾಣುತ್ತದೆ, ಆ ದಿನಗಳ ನೆನಪು ಅರೆಬರೆ ಉಳಿಯುತ್ತದೆ. ಸಾಮಾನ್ಯ ಎಂಆರ್‌ಐಯಲ್ಲಿ ಮಾತ್ರ ಮಿದುಳು ಸರಿಯಾಗಿಯೇ ಕಾಣುತ್ತದೆ. ಹೀಗಾಗಿ ಎಷ್ಟೋ ಮಕ್ಕಳು ಸೋಮಾರಿಗಳು, ನಟಿಸುವವರು, ಮನೋರೋಗಿಗಳು ಎನಿಸಿಕೊಂಡರು. ಅದು ಅವರಿಗೆ ಆದ ದೊಡ್ಡ ಅನ್ಯಾಯ.

ಈ ಅನ್ಯಾಯ ಸರಿಪಡಿಸಲು ನೆರವಾದದ್ದು ಮಿದುಳಿನ ರಕ್ತ ಹರಿವನ್ನು ತೋರಿಸುವ ಸ್ಪೆಕ್ಟ್ ಚಿತ್ರಣ. ಇದರಲ್ಲಿ ಅಲ್ಪ ವಿಕಿರಣವುಳ್ಳ ಔಷಧವನ್ನು ರಕ್ತನಾಳಕ್ಕೆ ಚುಚ್ಚುತ್ತಾರೆ. ರಕ್ತ ಹೆಚ್ಚು ಹರಿಯುವ ಭಾಗಗಳಲ್ಲಿ ಅದು ಹೆಚ್ಚು ಸೇರಿ ಅಲ್ಲೇ ನಿಲ್ಲುವುದರಿಂದ, ಚಿತ್ರವನ್ನು ಸ್ವಲ್ಪ ತಡವಾಗಿ ತೆಗೆದರೂ ಚುಚ್ಚಿದ ಹೊತ್ತಿನ ಸ್ಥಿತಿಯೇ ಮೂಡುತ್ತದೆ. ಮಂಪರಿನಲ್ಲಿರುವ ರೋಗಿಗೆ ಇದೊಂದು ವರ. ನಿದ್ದೆಯ ಸರದಿಯಲ್ಲಿ ಮಿದುಳಿನ ಆಳದಲ್ಲಿರುವ ಥಲಾಮಸ್‌ಗೆ ರಕ್ತ ಕಡಿಮೆ ಹರಿಯುತ್ತದೆಂದು ತೈವಾನಿನ ವೈದ್ಯರು 2005ರಲ್ಲಿ ತೋರಿಸಿದರು. 41 ರೋಗಿಗಳನ್ನು ಪರೀಕ್ಷಿಸಿದ ಪ್ಯಾರಿಸ್ಸಿನ ತಂಡ 2014ರಲ್ಲಿ ಇನ್ನೂ ಮುಂದೆ ಹೋಯಿತು: ಕನಸಿನಂತೆ ಕಾಣುವ ಅನುಭವ ತೀವ್ರವಾದಷ್ಟೂ ಮಿದುಳಿನ ಪಾರ್ಶ್ವ ಮತ್ತು ಕಪೋಲ ಭಾಗಗಳು ಕೂಡುವಲ್ಲಿ ರಕ್ತ ಹರಿವು ಇಳಿದಿತ್ತು.

ಎಚ್ಚರದ ತಿಂಗಳುಗಳಲ್ಲಿ ರೋಗಿ ಪೂರ್ತಿ ಗುಣವಾಗಿರುತ್ತಾನೆಂಬ ನಂಬಿಕೆ ಕ್ರಿಚ್ಲಿಯ ಕಾಲದಿಂದ ಬಂದದ್ದು. ಅದನ್ನು ಅಲುಗಾಡಿಸಿದ್ದು ನೆನಪಿನ ಪರೀಕ್ಷೆ. ಸ್ವೀಡನ್ನಿನ ಲಿನ್‌ಶಾಪಿಂಗ್‌ನ ಸಂಶೋಧಕರು 2003ರಲ್ಲೇ ಅಲ್ಪಕಾಲಿಕ ನೆನಪಿನ ಕೊರತೆಯನ್ನು ಗುರುತಿಸಿದ್ದರು. ಬಳಿಕ ಅವರು ಎಂಆರ್‌ಐ ಯಂತ್ರದೊಳಗೇ ಪರೀಕ್ಷೆ ನಡೆಸಿದರು: ಒಂದರ ಹಿಂದೊಂದು ವಾಕ್ಯ ಓದುತ್ತಲೇ ಪದಗಳನ್ನು ನೆನಪಿನಲ್ಲಿ ಹಿಡಿದಿಟ್ಟುಕೊಳ್ಳಬೇಕು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ, 18 ರೋಗಿಗಳ ಥಲಾಮಸ್ ಆರೋಗ್ಯವಂತರದಕ್ಕಿಂತ ಹೆಚ್ಚು ದುಡಿಯುತ್ತಿತ್ತು. ಅದೇ ಕೆಲಸ ಮುಗಿಸಲು ಅವರ ಮಿದುಳು ಹೆಚ್ಚು ಶ್ರಮಪಡುತ್ತಿದೆ ಎಂಬುದು ಇದಕ್ಕೆ ಕೊಡುವ ಒಂದು ವಿವರಣೆ. ಎಚ್ಚರದ ದಿನಗಳಲ್ಲೂ ಕೆಲವರ ಯೋಚನೆಯ ವೇಗ ಮತ್ತು ಪದಗಳ ನೆನಪು ಕುಗ್ಗಿರುತ್ತವೆಂದು ಪ್ಯಾರಿಸ್ಸಿನಲ್ಲೂ ಕಂಡುಬಂದಿತು.